ಮಾವನ ಲ್ಯಾಪ್‌ಟಾಪಿನ ಎರಡು ಫೈಲುಗಳು

ಹೋದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ತಿಪಟೂರಿನಿಂದ ಮಾವನ ಫೋನು ಬಂತು. ಅಷ್ಟು ಹೊತ್ತಿನಲ್ಲಿ ಊರಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ನಾನು ಹಲೋ ಅನ್ನುವ ಮೊದಲೇ ಅವರು ಶುರು ಮಾಡಿದರು.

“ಏನೋ, ಈ ಲ್ಯಾಪ್‌ಟಾಪಲ್ಲಿ ಯಾವ್ದೋ ಒಂದು ಫೈಲು ಓಡ್ತಾ ಇದೆ ಕಣೋ. ನಾನಂತೂ ಹಾಕಿಲ್ಲ. ಅರ್ಧ ಅಕ್ಷರ, ಅರ್ಧ ನಂಬರು, ಓದೋಕೂ ಬರಲ್ಲ. ಡಿಲೀಟ್ ಮಾಡ್ಬಿಡ್ಲಾ?”

“ಬೇಡ ಮಾವ, ಮುಟ್ಟಬೇಡಿ. ಸುಮ್ನೆ ಶಟ್‌ಡೌನ್ ಮಾಡಿ ಮಲಗಿ. ಭಾನುವಾರ ಬರ್ತೀನಿ.”

ಮಾವ ಅಂದರೆ ಅಮ್ಮನ ತಮ್ಮ. ಮೊದಲಿನಿಂದಲೂ ಕೊಬ್ಬರಿ ವ್ಯಾಪಾರಿಗಳ ಲೆಕ್ಕ ಬರೆಯುವವರು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಕೆಂಪು ರಟ್ಟಿನ ಪುಸ್ತಕ ಬಿಟ್ಟು ಲ್ಯಾಪ್‌ಟಾಪ್ ಹಿಡಿದರು, ಅದೂ ಬೈದುಕೊಂಡೇ. ಹತ್ತಿಪ್ಪತ್ತು ಜನರ ಪ್ಯಾನ್ ನಂಬರು, ಬ್ಯಾಂಕ್ ವಿವರ, ಪೋರ್ಟಲ್ ಪಾಸ್‌ವರ್ಡು ಎಲ್ಲ ಆ ಒಂದೇ ಲ್ಯಾಪ್‌ಟಾಪಿನಲ್ಲಿ. ಮೇಜಿನ ಡ್ರಾಯರಿನಲ್ಲಿ ಡಿಜಿಟಲ್ ಸಹಿಯ ಟೋಕನ್‌ಗಳಿವೆ, ನೋಡಲು ಪೆನ್‌ಡ್ರೈವ್ ಥರ. ಒಂದೊಂದಕ್ಕೂ ಪಾರ್ಟಿ ಹೆಸರಿನ ಚೀಟಿ ಅಂಟಿಸಿ, ರಬ್ಬರ್‌ಬ್ಯಾಂಡ್ ಹಾಕಿ ಇಟ್ಟಿರುತ್ತಾರೆ. ಬೇರೆಯವರ ಸಹಿ ನೀವು ಇಟ್ಟುಕೊಳ್ಳುವುದು ತಪ್ಪು ಅಂತ ಹೇಳಿದ್ದೇನೆ, ಅವರು ಕೇಳಿಲ್ಲ, ಆ ಜಗಳ ಬೇರೆ.

ಡಿಲೀಟ್ ಬೇಡ ಅಂದಿದ್ದಕ್ಕೆ ಕಾರಣ ಇದೆ. 2001ರಲ್ಲಿ ಒಂದು ಇಮೇಲ್ ಪ್ರಪಂಚವೆಲ್ಲ ಸುತ್ತಿತ್ತು. ನಿಮ್ಮ ಕಂಪ್ಯೂಟರಿನಲ್ಲಿ ‘ಎಸ್‌ಯುಎಲ್‌ಎಫ್‌ಎನ್‌ಬಿಕೆ’ ಅನ್ನುವ ಫೈಲ್ ಇದೆಯಾ ಹುಡುಕಿ, ಇದ್ದರೆ ಅದು ವೈರಸ್, ಜೂನ್ 1ಕ್ಕೆ ಎದ್ದು ಎಲ್ಲ ಅಳಿಸಿಹಾಕುತ್ತದೆ, ಈಗಲೇ ಕಿತ್ತುಹಾಕಿ, ಗೊತ್ತಿರುವವರಿಗೆಲ್ಲ ಈ ಮೇಲ್ ಕಳಿಸಿ. ಜನ ಹುಡುಕಿದರು. ಇತ್ತು! ಇರಲೇಬೇಕಲ್ಲ, ಅದು ವಿಂಡೋಸ್ 98ರ ಜೊತೆಗೇ ಬಂದಿದ್ದ ಫೈಲು. ಉದ್ದ ಹೆಸರಿನ ಫೈಲುಗಳ ಹೆಸರು ಕಳೆದುಹೋಗದಂತೆ ನೋಡಿಕೊಳ್ಳುವ ಒಂದು ಪಾಪದ ಪ್ರೋಗ್ರಾಂ. ಮರುವರ್ಷ ಇನ್ನೊಂದು ಮೇಲ್ ಬಂತು, ಈ ಸಲ ‘ಜೆಡಿಬಿಜಿಎಂಜಿಆರ್’ ಸರದಿ. ಅದರ ಐಕಾನ್ ಬೂದು ಬಣ್ಣದ ಪುಟ್ಟ ಕರಡಿ ಬೊಂಬೆ. ವಿಂಡೋಸ್ ಫೋಲ್ಡರಿನ ಒಳಗೆ ಕರಡಿ ಬೊಂಬೆ ಕಂಡರೆ ಯಾರಿಗೆ ಅನುಮಾನ ಬರುವುದಿಲ್ಲ ಹೇಳಿ! ಅದೂ ಮೈಕ್ರೋಸಾಫ್ಟ್‌ನದ್ದೇ, ಜಾವಾ ಬರೆಯುವವರಿಗೆ ಬೇಕಾಗುತ್ತಿದ್ದ ಸಾಮಾನು. ಲಕ್ಷಣವಾಗಿದ್ದ ಫೈಲನ್ನು ಜನ ತಾವೇ ಅಳಿಸಿ, ಪುಣ್ಯದ ಕೆಲಸ ಅಂತ ಮೇಲ್ ಅನ್ನು ನೆಂಟರಿಗೆಲ್ಲ ದಾಟಿಸಿದರು. ವೈರಸ್ ಬರೆಯುವ ಶ್ರಮವೂ ಬೇಕಾಗಲಿಲ್ಲ. ಈಗಿನ ವಾಟ್ಸಾಪ್ ಫಾರ್ವರ್ಡಿಗೆ ಇವೇ ಅಜ್ಜಂದಿರು.

ಎರಡರಲ್ಲೂ ಜನ ನೋಡಿದ್ದು ಹೆಸರು ಮತ್ತು ಮುಖ. ಮಾವನೂ ಅದನ್ನೇ ನೋಡಿದ್ದು. ಹೆಸರು ವಿಚಿತ್ರವಾಗಿದ್ದರೆ ಕಳ್ಳ, ಪರಿಚಯದ್ದಾದರೆ ಸಾಚಾ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಹೆಸರಿನಷ್ಟು ಕೆಲಸಕ್ಕೆ ಬಾರದ ಸಾಕ್ಷಿ ಇನ್ನೊಂದಿಲ್ಲ. ಮದುವೆಮನೆಗೆ ಕದಿಯಲು ಬಂದವನು ರೇಷ್ಮೆ ಪಂಚೆ ಉಟ್ಟುಕೊಂಡು ಬರುತ್ತಾನೆಯೇ ಹೊರತು ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿಕೊಂಡು ಬರುವುದಿಲ್ಲ. ವಿಂಡೋಸಿನಲ್ಲಿ ‘ಎಲ್‌ಸಾಸ್’ ಅನ್ನುವ ಫೈಲಿದೆ, ಲಾಗಿನ್ ಪಾಸ್‌ವರ್ಡ್ ನೋಡಿಕೊಳ್ಳುವುದು ಅದೇ. ಅದರ ಮೊದಲ ಅಕ್ಷರ ಇಂಗ್ಲಿಷಿನ ಸಣ್ಣ ಎಲ್. ಆ ಜಾಗದಲ್ಲಿ ದೊಡ್ಡ ಐ ಹಾಕಿದರೆ ಪರದೆಯ ಮೇಲೆ ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಹಿನ್ನೆಲೆಯಲ್ಲಿ ನಡೆಯುವ ಕೆಲಸಗಳನ್ನು, ಅಂದರೆ ಸರ್ವೀಸುಗಳನ್ನು ಓಡಿಸುವ ವಿಂಡೋಸಿನ ‘ಎಸ್‌ವಿಸಿಹೋಸ್ಟ್’ನಲ್ಲಿ ಓ ಅಕ್ಷರದ ಬದಲು ಸೊನ್ನೆ ಹಾಕುವುದು, ಎರಡು ಅಕ್ಷರ ಹಿಂದೆ ಮುಂದೆ ಮಾಡುವುದು ಕೂಡ ಹಳೆಯ ಆಟವೇ.

ಇನ್ನು ಹೆಸರಿನ ಬಾಲ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ವೈರಸ್ ಬಂದಾಗ ಮೇಲ್ ಜೊತೆಗೆ ಇದ್ದ ಫೈಲಿನ ಹೆಸರು ನೋಡಲು ‘ಲವ್ ಲೆಟರ್ ಫಾರ್ ಯೂ ಡಾಟ್ ಟಿಎಕ್ಸ್‌ಟಿ’. ಬರೀ ಪಠ್ಯ, ಏನಾಗುತ್ತದೆ ಅಂತ ಜನ ಒತ್ತಿದರು. ಅದರ ಹಿಂದೆ ಡಾಟ್ ವಿಬಿಎಸ್ ಅನ್ನುವ ಅಸಲಿ ಬಾಲ ಇತ್ತು, ಅಂದರೆ ಅದು ಓಡುವ ಪ್ರೋಗ್ರಾಂ, ವಿಂಡೋಸ್ ಅದನ್ನು ಅಚ್ಚುಕಟ್ಟಾಗಿ ಮುಚ್ಚಿಟ್ಟಿತ್ತು. ಇಷ್ಟು ವರ್ಷವಾದರೂ ವಿಂಡೋಸ್ ಹೊಸದಾಗಿ ಹಾಕಿದಾಗ ಬಾಲ ಮುಚ್ಚಿಯೇ ಇರುತ್ತದೆ, ಯಾಕೆ ಅಂತ ನನಗೆ ಅರ್ಥವಾಗಿಲ್ಲ. ನಮ್ಮ ಕಡೆ ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ವಾಪಸ್ ತಂದವರಿಗೆ ಇದರದ್ದೇ ಇನ್ನೊಂದು ರೂಪ ಚೆನ್ನಾಗಿ ಗೊತ್ತು. ಹಳದಿ ಫೋಲ್ಡರ್ ಇರುತ್ತದೆ, ಒತ್ತಿದರೆ ತೆರೆಯುವುದಿಲ್ಲ, ಯಾಕೆಂದರೆ ಅದು ಫೋಲ್ಡರೇ ಅಲ್ಲ, ಫೋಲ್ಡರಿನ ಐಕಾನ್ ಹಾಕಿಕೊಂಡ ಡಾಟ್ ಇಎಕ್ಸ್‌ಇ, ಅಂದರೆ ಪ್ರೋಗ್ರಾಂ. ಈಗ ಫೋನಿಗೆ ಬರುವ ಮದುವೆ ಕರೆಯೋಲೆಯೂ ಹೀಗೇ, ಕೊನೆಯಲ್ಲಿ ಪಿಡಿಎಫ್ ಇರಬೇಕಾದ ಕಡೆ ಎಪಿಕೆ, ಅಂದರೆ ಫೋನಿನ ಆ್ಯಪ್ ಇರುತ್ತದೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಅಂತ ಇದೆ, ಅದಕ್ಕೊಂದು ಟಿಕ್ ಹಾಕಿಬಿಡಿ. ಇದನ್ನು ಓದುವುದು ನಿಲ್ಲಿಸಿ ಮೊದಲು ಅದನ್ನು ಮಾಡಿ ಬಂದರೂ ನನಗೆ ಬೇಜಾರಿಲ್ಲ.

ಭಾನುವಾರ ರೈಲು ಹತ್ತಿ ತಿಪಟೂರಿಗೆ ಹೋದೆ. ಅತ್ತೆ ತಿಂಡಿಗೆ ಅಕ್ಕಿರೊಟ್ಟಿ ಮಾಡಿದ್ದರು. ಮಾವ ತಟ್ಟೆಯ ಪಕ್ಕದಲ್ಲೇ ಲ್ಯಾಪ್‌ಟಾಪ್ ತಂದಿಟ್ಟು, ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದು, ಕೊಲೆಗಾರನನ್ನು ತೋರಿಸುವ ಹಾಗೆ ಬೆರಳಿಟ್ಟು ತೋರಿಸಿದರು.

ನಾನು ಮೊದಲು ನೋಡುವುದು ಫೈಲಿನ ಮನೆ ಎಲ್ಲಿ ಅಂತ. ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಅಂದರೆ ಅದು ಕೂತಿರುವ ಫೋಲ್ಡರ್ ತೆರೆಯುತ್ತದೆ. ಪ್ರೋಗ್ರಾಂ ಫೈಲ್ಸ್ ಅಥವಾ ವಿಂಡೋಸ್ ಫೋಲ್ಡರಿನ ಒಳಗೆ ಏನಾದರೂ ಬರೆಯಬೇಕಾದರೆ ಅಡ್ಮಿನ್ ಅನುಮತಿ ಬೇಕು, ಪರದೆ ಮಂಕಾಗಿ ‘ಯೆಸ್’ ಒತ್ತಿ ಅಂತ ಕೇಳುತ್ತದಲ್ಲ, ಅದು. ಆದರೆ ಬಳಕೆದಾರನ ಹೆಸರಿನ ಫೋಲ್ಡರಿನ ಒಳಗೆ ಆಪ್‌ಡೇಟಾ ಅಂತ ಅಡಗಿಕೊಂಡಿರುವ ಒಂದು ಫೋಲ್ಡರ್ ಇದೆ, ಅಲ್ಲಿ ಯಾರ ಅನುಮತಿಯೂ ಬೇಡ. ಹಾಗಾಗಿ ಗುಟ್ಟಾಗಿ ನುಗ್ಗುವವರಿಗೆ ಅದು, ಅದರೊಳಗಿನ ಟೆಂಪ್ ಫೋಲ್ಡರು ಬಹಳ ಇಷ್ಟದ ಜಾಗ. ಹಾಗಂತ ಆಪ್‌ಡೇಟಾದಲ್ಲಿ ಇದ್ದದ್ದೆಲ್ಲ ಕೆಟ್ಟದ್ದು ಅಂತಲೂ ಅಲ್ಲ. ಝೂಮ್ ಸಾಮಾನ್ಯವಾಗಿ ಕೂರುವುದು ಅಲ್ಲೇ, ವಿಎಸ್ ಕೋಡ್ ಕೂಡ ಅಲ್ಲೇ. ಜಾಗ ಒಂದು ಸುಳಿವು, ತೀರ್ಪಲ್ಲ.

ಮಾವ ತೋರಿಸಿದ ಫೈಲು ಪ್ರೋಗ್ರಾಂ ಫೈಲ್ಸ್‌ನಲ್ಲಿ ಇತ್ತು. ಆಮೇಲೆ ಪ್ರಾಪರ್ಟೀಸ್ ತೆಗೆದೆ. ಅಲ್ಲಿ ಡೀಟೇಲ್ಸ್ ಅನ್ನುವ ಕಡೆ ಕಂಪನಿ ಹೆಸರು, ವಿವರಣೆ, ಕಾಪಿರೈಟ್ ಎಲ್ಲ ಬರೆದಿರುತ್ತದೆ. ಮಾವ ಅದನ್ನು ಓದಿ “ಸರಿಯಾಗೇ ಇದೆಯಲ್ಲೋ” ಅಂದರು. ಅದು ಅಂಗಡಿ ಮುಂದಿನ ಬೋರ್ಡು ಇದ್ದ ಹಾಗೆ, ದುಡ್ಡು ಕೊಟ್ಟರೆ ಯಾರು ಏನು ಬೇಕಾದರೂ ಬರೆಸಬಹುದು. ನಾನೇ ಒಂದು ಪ್ರೋಗ್ರಾಂ ಬರೆದು ಅಲ್ಲಿ ಮೈಕ್ರೋಸಾಫ್ಟ್ ಅಂತ ಟೈಪ್ ಮಾಡಿದರೆ ಕೇಳುವವರಿಲ್ಲ. ನೋಡಬೇಕಾದ್ದು ಅದರ ಪಕ್ಕದ ಡಿಜಿಟಲ್ ಸಿಗ್ನೇಚರ್ಸ್ ಅನ್ನುವ ಟ್ಯಾಬು.

ಇದನ್ನು ಬೇರೆ ಯಾರಿಗಾದರೂ ವಿವರಿಸಬೇಕಾದರೆ ಅರ್ಧ ಗಂಟೆ ಬೇಕು. ಮಾವನಿಗೆ ಒಂದೇ ವಾಕ್ಯ ಸಾಕಾಯಿತು: ನೀವು ರಿಟರ್ನ್‌ಗೆ ಟೋಕನ್ ಚುಚ್ಚಿ ಸಹಿ ಹಾಕ್ತೀರಲ್ಲ ಮಾವ, ಪ್ರೋಗ್ರಾಂ ಮಾಡಿದವರೂ ಹಾಗೇ ಹಾಕಿರ್ತಾರೆ. ಯಾರು ಅಂತ ಗುರುತು ನೋಡಿ ಒಂದು ಸಂಸ್ಥೆ ಸರ್ಟಿಫಿಕೇಟ್ ಕೊಟ್ಟಿರುತ್ತದೆ, ಸಹಿ ಬಿದ್ದ ಮೇಲೆ ಫೈಲಿನ ಒಂದು ಅಕ್ಷರ ಬದಲಾದರೂ ಸಹಿ ಮುರಿಯುತ್ತದೆ. ಟ್ಯಾಬ್ ಕಾಣಿಸಿದರೆ ಸಾಲದು, ಸಹಿಯನ್ನು ಆರಿಸಿ ಡೀಟೇಲ್ಸ್ ಒತ್ತಿ ‘ಸಹಿ ಸರಿಯಾಗಿದೆ’ ಅನ್ನುವ ಸಾಲು ಇದೆಯಾ ನೋಡಬೇಕು, ಮುರಿದ ಸಹಿಗೂ ಟ್ಯಾಬ್ ಕಾಣುತ್ತದೆ. ಇನ್ನೊಂದು ಕಿರಿಕಿರಿ ಅಂದರೆ ವಿಂಡೋಸಿನ ಸ್ವಂತ ಫೈಲುಗಳಲ್ಲಿ ಎಷ್ಟೋ ಫೈಲುಗಳಿಗೆ ಈ ಟ್ಯಾಬೇ ಇರುವುದಿಲ್ಲ. ವಿಂಡೋಸ್ ತನ್ನ ಫೈಲುಗಳನ್ನು ಇಟ್ಟುಕೊಳ್ಳುವ ಸಿಸ್ಟಮ್ 32 ಫೋಲ್ಡರಿನಲ್ಲಿರುವ ನೋಟ್‌ಪ್ಯಾಡನ್ನೇ ನೋಡಿ. ಅವುಗಳ ಸಹಿ ಫೈಲಿನ ಒಳಗಿಲ್ಲ, ಕ್ಯಾಟಲಾಗ್ ಅನ್ನುವ ಬೇರೆ ಪಟ್ಟಿಯಲ್ಲಿ ಇರುತ್ತದೆ. ಟ್ಯಾಬ್ ಇಲ್ಲ ಅಂತ ಗಾಬರಿಯಾಗಿ ಸಿಸ್ಟಮ್ 32ರಲ್ಲಿ ಕೈಯಾಡಿಸಿದರೆ ಮತ್ತೆ ಕರಡಿ ಬೊಂಬೆ ಕಥೆಯೇ.

ಮಾವನ ‘ಕೊಲೆಗಾರ’ನ ಸಹಿ ಸರಿಯಾಗಿತ್ತು. ಸಹಿ ಯಾರದ್ದು ಅಂತ ನೋಡಿ ನನಗೆ ನಗು ಬಂತು. ಆ ಟೋಕನ್ ಮಾಡುವ ಕಂಪನಿಯದ್ದೇ! ಟೋಕನ್ ಚುಚ್ಚಿದ ಕೂಡಲೇ ಅದರೊಳಗಿನ ಸರ್ಟಿಫಿಕೇಟನ್ನು ವಿಂಡೋಸಿಗೆ ತೋರಿಸಲು ಹಿಂದೆ ಕೂತು ಕಾಯುವ ಪ್ರೋಗ್ರಾಂ ಅದು. ಅದನ್ನು ಆ ರಾತ್ರಿ ಅಳಿಸಿದ್ದರೆ ಮುಂದಿನ ರಿಟರ್ನ್ ದಿನ ಪೋರ್ಟಲ್ ನಿಮ್ಮ ಸಹಿ ಸಿಗುತ್ತಿಲ್ಲ ಅಂತ ಕೂತಿರುತ್ತಿತ್ತು, ಮಾವ ನನಗೆ ಮತ್ತೆ ಹತ್ತೂವರೆಗೆ ಫೋನ್ ಮಾಡಿರುತ್ತಿದ್ದರು.

ಅಲ್ಲಿಗೆ ಮುಗಿಸಿ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಬಹುದಿತ್ತು. ಆದರೆ ಮಾವ ಟಾಸ್ಕ್ ಮ್ಯಾನೇಜರ್ ಯಾಕೆ ತೆಗೆದಿದ್ದರು? ಕೇಳಿದೆ. “ಫ್ಯಾನು ಹಿಟ್ಟಿನ ಗಿರಣಿ ಥರ ಸದ್ದು ಮಾಡ್ತಿತ್ತು ಕಣೋ, ಅದಕ್ಕೆ” ಅಂದರು. ಟೋಕನ್ ಕಾಯುವ ಪ್ರೋಗ್ರಾಂ ಫ್ಯಾನ್ ತಿರುಗಿಸುವಷ್ಟು ಕೆಲಸ ಮಾಡುವುದಿಲ್ಲ.

ಟಾಸ್ಕ್ ಮ್ಯಾನೇಜರಿನಲ್ಲಿ ಡೀಟೇಲ್ಸ್ ಅನ್ನುವ ಪುಟವಿದೆ. ಮೇಲಿನ ತಲೆಬರಹದ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್ ಕಾಲಮ್ಸ್ ಒಳಗೆ ಇಮೇಜ್ ಪಾತ್ ನೇಮ್ ಅನ್ನುವುದಕ್ಕೆ ಟಿಕ್ ಹಾಕಿದರೆ ಓಡುತ್ತಿರುವ ಎಲ್ಲದರ ಮನೆ ವಿಳಾಸವೂ ಒಟ್ಟಿಗೆ ಕಾಣುತ್ತದೆ. ನಾನು ಎಸ್‌ವಿಸಿಹೋಸ್ಟ್‌ಗಳ ಸಾಲಿಗೆ ಬಂದೆ. ಅವು ತುಂಬಾ ಇರುತ್ತವೆ, ಹತ್ತಾರು, ಅದು ಸಹಜ. 2017ರ ನಂತರದ ವಿಂಡೋಸ್ 10ರಲ್ಲಿ ಮೆಮೊರಿ ಮೂರೂವರೆ ಜಿಬಿಗಿಂತ ಜಾಸ್ತಿ ಇದ್ದರೆ ಬಹುತೇಕ ಒಂದೊಂದು ಸರ್ವೀಸಿಗೂ ಒಂದೊಂದು ಎಸ್‌ವಿಸಿಹೋಸ್ಟ್ ಓಡುತ್ತದೆ. ಇಷ್ಟೊಂದು ಇವೆಯಲ್ಲ ಅಂತ ಹೆದರಬೇಕಿಲ್ಲ. ಆದರೆ ಎಲ್ಲದರ ವಿಳಾಸವೂ ಸಿಸ್ಟಮ್ 32 ಇರಬೇಕು, ಅಪರೂಪಕ್ಕೆ ವಿಂಡೋಸಿನದೇ ಇನ್ನೊಂದು ಫೋಲ್ಡರ್ ಸಿಸ್‌ವಾವ್ 64. ಕೆಳಗೆ ಇಳಿಯುತ್ತಾ ಹೋದೆ, ಸಿಸ್ಟಮ್ 32, ಸಿಸ್ಟಮ್ 32, ಸಿಸ್ಟಮ್ 32, ಮಾವನ ಹೆಸರು.

ಆಪ್‌ಡೇಟಾ ಒಳಗಿನ ರೋಮಿಂಗ್ ಫೋಲ್ಡರಿನಲ್ಲಿ, ಏನೋ ಅಪ್‌ಡೇಟ್ ಅನ್ನುವ ಹೆಸರಿನ ಒಂದು ಫೋಲ್ಡರಿನಲ್ಲಿ, ಒಂದು ಎಸ್‌ವಿಸಿಹೋಸ್ಟ್ ಕೂತಿತ್ತು. ಅಕ್ಷರದಲ್ಲಿ ಒಂದೂ ತಪ್ಪಿಲ್ಲ. ಹೆಸರು ಮಾತ್ರ ನೋಡಿದ್ದರೆ ಅದಕ್ಕಿಂತ ಸಭ್ಯ ಫೈಲು ಇನ್ನೊಂದಿರಲಿಲ್ಲ. ಸಹಿ ಇಲ್ಲ. ಡೀಟೇಲ್ಸ್‌ನಲ್ಲಿ ಮಾತ್ರ ಮೈಕ್ರೋಸಾಫ್ಟ್ ಕಾರ್ಪೊರೇಶನ್ ಅಂತ ದೊಡ್ಡದಾಗಿ ಬೋರ್ಡು.

ನನ್ನ ಲ್ಯಾಪ್‌ಟಾಪಿನಿಂದ ಪ್ರೋಸೆಸ್ ಎಕ್ಸ್‌ಪ್ಲೋರರ್ ಮತ್ತು ಆಟೋರನ್ಸ್ ಎರಡನ್ನೂ ಪೆನ್‌ಡ್ರೈವಿನಲ್ಲಿ ತಂದಿದ್ದೆ. ಇವು ಸಿಸ್‌ಇಂಟರ್ನಲ್ಸ್‌ನವು, ಮಾರ್ಕ್ ರಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಶುರು ಮಾಡಿದ್ದು, 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು, ಈಗಲೂ ಪುಕ್ಕಟೆ. ಪ್ರೋಸೆಸ್ ಎಕ್ಸ್‌ಪ್ಲೋರರ್ ಯಾರನ್ನು ಯಾರು ಕರೆದರು ಅನ್ನುವ ವಂಶವೃಕ್ಷ ತೋರಿಸುತ್ತದೆ. ಅಸಲಿ ಎಸ್‌ವಿಸಿಹೋಸ್ಟ್‌ನ ಅಪ್ಪ ಯಾವಾಗಲೂ ‘ಸರ್ವೀಸಸ್’ ಅನ್ನುವ ಫೈಲು, ಅದನ್ನು ಕರೆದ ಆದೇಶದಲ್ಲಿ ‘ಹೈಫನ್ ಕೆ’ ಅಂತ ಒಂದು ತುಂಡು ಇರುತ್ತದೆ. ಇದಕ್ಕೆ ಅಪ್ಪನೂ ಅವನಲ್ಲ, ಹೈಫನ್ ಕೆಯೂ ಇಲ್ಲ. ಆಟೋರನ್ಸ್‌ನಲ್ಲಿ ಸಹಿ ಪರೀಕ್ಷಿಸುವ ಆಯ್ಕೆಗೆ ಟಿಕ್ ಹಾಕಿ, ಮೈಕ್ರೋಸಾಫ್ಟ್‌ನ ಸಾಲುಗಳನ್ನು ಮರೆಮಾಡಿ ನೋಡಿದೆ. ಕಂಪ್ಯೂಟರ್ ಆನ್ ಆದಾಗ ತಾನಾಗಿ ಏಳುವ ಎಲ್ಲದರ ಪಟ್ಟಿ ಅದು. ಅಲ್ಲಿ ಟಾಸ್ಕ್ ಶೆಡ್ಯೂಲರಿನ ಒಳಗೆ ಇದರ ಹೆಸರಿನಲ್ಲಿ ಒಂದು ಸಾಲು, ಲಾಗಿನ್ ಆದ ಕೂಡಲೇ ಎಬ್ಬಿಸು ಅಂತ.

ಅನುಮಾನ ಬಹುಪಾಲು ಮುಗಿದಿತ್ತು, ಆದರೂ ಒಂದು ಫೈಲಿನ ಬಗ್ಗೆ ಹಲವು ಆಂಟಿವೈರಸ್‌ಗಳ ಅಭಿಪ್ರಾಯ ಕೊಡುವ ವೈರಸ್‌ಟೋಟಲ್ ವೆಬ್‌ಸೈಟ್ ನೋಡದೆ ಸಮಾಧಾನ ಇಲ್ಲ. ಇಲ್ಲಿ ತುಂಬಾ ಜನ ಒಂದು ತಪ್ಪು ಮಾಡುತ್ತಾರೆ, ಸೀದಾ ಫೈಲನ್ನೇ ಅಪ್‌ಲೋಡ್ ಮಾಡುತ್ತಾರೆ. ಅಲ್ಲಿಗೆ ಹಾಕಿದ ಫೈಲು ನಿಮ್ಮದಾಗಿ ಉಳಿಯುವುದಿಲ್ಲ. ವೈರಸ್ ಹಿಡಿಯುವ ಕಂಪನಿಗಳಿಗೂ, ದುಡ್ಡು ಕಟ್ಟುವ ಗಿರಾಕಿಗಳಿಗೂ ಅದು ಸಿಗುತ್ತದೆ. ಪ್ರೋಗ್ರಾಂ ಆದರೆ ಪರವಾಗಿಲ್ಲ, ಪಾರ್ಟಿಗಳ ಪ್ಯಾನ್ ಇರುವ ಎಕ್ಸೆಲ್ ಹಾಕಿ ‘ಇದರಲ್ಲಿ ವೈರಸ್ ಇದೆಯಾ’ ಅಂತ ಕೇಳಿದರೆ ಕೆಲಸ ಕೆಟ್ಟಿತು. ಅದರ ಬದಲು ಫೈಲಿನ ಹ್ಯಾಶ್ ತೆಗೆಯಿರಿ. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಅಂದುಕೊಳ್ಳಿ. ವಿಂಡೋಸಿಗೆ ಆದೇಶ ಟೈಪ್ ಮಾಡುವ ಕಿಟಕಿಯಾದ ಪವರ್‌ಶೆಲ್‌ನಲ್ಲಿ ‘ಗೆಟ್ ಹೈಫನ್ ಫೈಲ್‌ಹ್ಯಾಶ್’ ಅಂತ ಬರೆದು ಫೈಲಿನ ವಿಳಾಸ ಕೊಟ್ಟರೆ 64 ಅಕ್ಷರಗಳ ಒಂದು ಸಾಲು ಬರುತ್ತದೆ, ಅದಕ್ಕೆ ಎಸ್‌ಎಚ್‌ಎ 256 ಅನ್ನುತ್ತಾರೆ. ಹೆಸರು ಬದಲಿಸಿದರೂ ಅದು ಬದಲಾಗುವುದಿಲ್ಲ, ಒಳಗೆ ಒಂದು ಚುಕ್ಕೆ ಬದಲಾದರೂ ಪೂರ್ತಿ ಬದಲಾಗುತ್ತದೆ. ಆ ಸಾಲನ್ನು ವೈರಸ್‌ಟೋಟಲ್‌ನ ಸರ್ಚ್ ಜಾಗದಲ್ಲಿ ಅಂಟಿಸಿದರೆ ಸಾಕು, ಫೈಲು ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದೇ ಇಲ್ಲ.

ವೈರಸ್‌ಟೋಟಲ್ ಶುರುವಾಗಿದ್ದು 2004ರಲ್ಲಿ, ಸ್ಪೇನ್‌ನ ಮಾಲಗಾ ಊರಿನಲ್ಲಿ. 2012ರಲ್ಲಿ ಗೂಗಲ್ ಕೊಂಡುಕೊಂಡಿತು. ಸುಮಾರು ಎಪ್ಪತ್ತು ಆಂಟಿವೈರಸ್‌ಗಳ ಅಭಿಪ್ರಾಯ ಒಂದೇ ಪುಟದಲ್ಲಿ ಸಿಗುತ್ತದೆ. ಅದನ್ನು ಓದುವುದೂ ಒಂದು ಕಲೆ, ಸುಮ್ನೆ ಮೇಲಿನ ಅಂಕಿ ನೋಡಿ ಓಡಿಬರಬೇಡಿ. ಎಪ್ಪತ್ತರಲ್ಲಿ ಒಂದೋ ಎರಡೋ ಕೆಂಪು ಬಂದು, ಅವು ಕೊಟ್ಟ ಹೆಸರಿನಲ್ಲಿ ‘ಜನರಿಕ್’ ‘ಹ್ಯೂರಿಸ್ಟಿಕ್’ ‘ಎಂಎಲ್’ ಅಂತ ಇದ್ದರೆ ಅದು ಬಹಳ ಸಲ ಬರೀ ಊಹೆ. ದೊಡ್ಡ ಕಂಪನಿಗಳು ಹತ್ತಿಪ್ಪತ್ತು ಸೇರಿ ಒಂದೇ ಕುಲದ ಹೆಸರು ಹೇಳುತ್ತಿದ್ದರೆ ಮಾತು ಬೇರೆ. ಅಲ್ಲೇ ಡೀಟೇಲ್ಸ್‌ನಲ್ಲಿ ಫೈಲು ಅವರಿಗೆ ಮೊದಲ ಸಲ ಸಿಕ್ಕಿದ್ದು ಯಾವಾಗ ಅಂತ ಇರುತ್ತದೆ. ಎರಡು ಗಂಟೆ ಹಿಂದೆ ಹುಟ್ಟಿದ ಫೈಲಿಗೆ ಸೊನ್ನೆ ಕೆಂಪು ಬಂದರೆ ಅದಕ್ಕೆ ಅರ್ಥವೇ ಇಲ್ಲ, ಇನ್ನೂ ಯಾರೂ ಸರಿಯಾಗಿ ನೋಡಿಲ್ಲ ಅಷ್ಟೆ. ಲಕ್ಷಾಂತರ ಜನ ಬಳಸುವ ಪ್ರೋಗ್ರಾಂ ಇದು ಅಂತ ಹೇಳಿಕೊಳ್ಳುವ ಫೈಲಿನ ಹ್ಯಾಶ್ ಅಲ್ಲಿ ಸಿಗುವುದೇ ಇಲ್ಲ ಅಂದರೆ ನನಗಂತೂ ಕೆಂಪಿಗಿಂತ ಜಾಸ್ತಿ ಭಯ ಅದು. ಅಷ್ಟು ಜನ ಬಳಸಿದ್ದರೆ ಒಬ್ಬರಾದರೂ ಹಾಕಿರಬೇಕಲ್ಲ?

ಮಾವನ ಎಸ್‌ವಿಸಿಹೋಸ್ಟ್‌ಗೆ 41 ಕೆಂಪು. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡು ಕದಿಯುವ ಜಾತಿ.

ರೊಟ್ಟಿ ತಣ್ಣಗಾಗಿತ್ತು. ಮಾವ ಮಾತಾಡಲಿಲ್ಲ. ಆಮೇಲೆ ನಿಧಾನಕ್ಕೆ ಕೇಳಿದರು, “ಆ ಟೋಕನ್ ಎಲ್ಲಾ ಹೋಯ್ತಾ?” ಹೋಗಿಲ್ಲ. ಟೋಕನ್ ಒಳಗಿನ ಗುಟ್ಟಿನ ಕೀಲಿ ಹೊರಗೆ ಬರದ ಹಾಗೆ ಅದನ್ನು ಮಾಡಿರುತ್ತಾರೆ, ಸಹಿಯ ಲೆಕ್ಕ ಅದರೊಳಗೇ ನಡೆಯುತ್ತದೆ. ಆದರೆ ಟೋಕನ್ ಚುಚ್ಚಿ, ಪಿನ್ ಹೊಡೆದು, ಹಾಗೇ ಬಿಟ್ಟು ಊಟಕ್ಕೆ ಎದ್ದರೆ ಒಳಗೆ ಕೂತವನು ಏನು ಬೇಕಾದರೂ ಮಾಡಬಹುದು. ಮಾವ ಹಾಗೆ ಬಿಟ್ಟು ಏಳುತ್ತಿದ್ದರಾ ಅಂತ ನಾನು ಕೇಳಲಿಲ್ಲ. ಅತ್ತೆಯ ಮುಖ ನೋಡಿದರೆ ಉತ್ತರ ಗೊತ್ತಾಗುತ್ತಿತ್ತು.

ವೈಫೈ ಕಿತ್ತು, ಬಂದ ದಾರಿ ಹುಡುಕಲು ಕೂತೆ. ಫೈಲ್ ಹುಟ್ಟಿದ ತಾರೀಕು ನೋಡಿದೆ, ಎರಡು ವಾರ ಹಿಂದಿನದು. ತಾರೀಕನ್ನು ಸುಳ್ಳು ಮಾಡಬಹುದು, ಆದರೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅದೇ ದಿನದ ಇನ್ನೊಂದು ಫೈಲ್ ಇತ್ತು, ಪಿಡಿಎಫ್ ಸಣ್ಣದು ಮಾಡುವ ಪ್ರೋಗ್ರಾಂ ಅಂತ. ಇಂಟರ್ನೆಟ್ಟಿಂದ ಇಳಿಸಿದ ಫೈಲಿಗೆ ವಿಂಡೋಸ್ ಒಂದು ಅಡಗಿದ ಚೀಟಿ ಅಂಟಿಸುತ್ತದೆ, ಝೋನ್ ಐಡೆಂಟಿಫೈಯರ್ ಅಂತ. ಎಷ್ಟೋ ಸಲ ಎಲ್ಲಿಂದ ಇಳಿಯಿತು ಅನ್ನುವ ವಿಳಾಸವೂ ಅದರಲ್ಲಿ ಇರುತ್ತದೆ, ಫೈಲು ಬಸ್ಸಿನಲ್ಲಿ ಬಂದ ಟಿಕೆಟ್ಟು ಇದ್ದ ಹಾಗೆ. ನೋಡಿದರೆ ಆ ಪ್ರೋಗ್ರಾಂ ಮಾಡುವವರ ವೆಬ್‌ಸೈಟೇ ಅಲ್ಲ ಅದು, ಬೇರೆ ಯಾವುದೋ. ಮಾವನಿಗೆ ನೆನಪಾಯಿತು. ಪೋರ್ಟಲಿಗೆ ಹಾಕುವ ಪಿಡಿಎಫ್ ದೊಡ್ಡದಾಯಿತು ಅಂತ ಗೂಗಲಿನಲ್ಲಿ ಹುಡುಕಿ ಮೊದಲು ಬಂದದ್ದನ್ನು ಒತ್ತಿದ್ದರು. ಮೊದಲು ಬಂದದ್ದು ಜಾಹೀರಾತು. ಪ್ರೋಗ್ರಾಂ ‘ಯೆಸ್’ ಕೇಳಿತು, ಅವರು ಯೆಸ್ ಅಂದರು. ಬೈಯಲು ಮನಸ್ಸು ಬರಲಿಲ್ಲ, ಕೊನೆಯ ದಿನದ ರಾತ್ರಿ ನಾನಾದರೂ ಅದನ್ನೇ ಒತ್ತುತ್ತಿದ್ದೆನೋ ಏನೋ.

ಹಾಗಾದರೆ ವಿಂಡೋಸಿನ ಸ್ವಂತ ಆಂಟಿವೈರಸ್ ಡಿಫೆಂಡರ್ ಏನು ಮಾಡುತ್ತಿತ್ತು? ವಿಂಡೋಸ್ ಸೆಕ್ಯೂರಿಟಿ ತೆಗೆದು ಎಕ್ಸ್‌ಕ್ಲೂಷನ್ಸ್ ಅನ್ನುವ ಪಟ್ಟಿ ನೋಡಿದೆ. ಇಲ್ಲಿ ಹಾಕಿದ ಫೋಲ್ಡರನ್ನು ಡಿಫೆಂಡರ್ ತಪಾಸಣೆ ಮಾಡುವುದಿಲ್ಲ. ಆಪ್‌ಡೇಟಾ ಪೂರ್ತಿ ಅಲ್ಲಿತ್ತು. ಆ ‘ಯೆಸ್’ನಿಂದ ಸಿಕ್ಕ ಅಧಿಕಾರದಲ್ಲಿ ಅದು ಮಾಡಿದ ಮೊದಲ ಕೆಲಸ ವಾಚ್‌ಮನ್‌ಗೆ ‘ಆ ಕಡೆ ನೋಡಬೇಡ’ ಅಂತ ಹೇಳಿದ್ದು. ಈ ಪಟ್ಟಿಯನ್ನು ಯಾರೂ ನೋಡುವುದಿಲ್ಲ. ನೀವು ನೋಡಿ, ನೀವು ಹಾಕಿಲ್ಲದ್ದು ಏನಾದರೂ ಇದ್ದರೆ ಉಳಿದ ತನಿಖೆ ಆಮೇಲೆ ಮಾಡಿದರೂ ನಡೆಯುತ್ತದೆ. ಕ್ರ್ಯಾಕ್ ಸಾಫ್ಟ್‌ವೇರ್ ಹಾಕುವಾಗ ‘ಆಂಟಿವೈರಸ್ ಆಫ್ ಮಾಡಿ, ಈ ಫೋಲ್ಡರನ್ನು ಸೇರಿಸಿ’ ಅಂತ ಬರೆದಿರುತ್ತಾರಲ್ಲ, ಅಲ್ಲಿ ಇದೇ ಕೆಲಸವನ್ನು ನಿಮ್ಮ ಕೈಯಿಂದಲೇ ಮಾಡಿಸುತ್ತಾರೆ.

ಇದರ ಉಲ್ಟಾ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ಕೆಂಪು ಕಂಡದ್ದನ್ನೆಲ್ಲ ಕಳ್ಳ ಅಂದುಬಿಡುತ್ತೀರಿ. ಕೆಲವು ವರ್ಷ ಹಿಂದೆ ನಾನು ಕನ್ನಡ ಟೈಪ್ ಮಾಡಲು ಒಂದು ಪುಟ್ಟ ಪ್ರೋಗ್ರಾಂ ಇಳಿಸಿದೆ, ಒಬ್ಬರೇ ಬಿಡುವಿನಲ್ಲಿ ಮಾಡಿದ್ದು. ವಿಂಡೋಸ್ ನೀಲಿ ಪರದೆ ಎಳೆದು ‘ನಿಮ್ಮ ಪಿಸಿಯನ್ನು ಕಾಪಾಡಿದ್ದೇವೆ’ ಅಂದಿತು, ಎರಡು ಆಂಟಿವೈರಸ್‌ಗಳು ಕೀಲಾಗರ್, ಅಂದರೆ ಒತ್ತಿದ ಕೀಗಳನ್ನು ಕದಿಯುವ ಪ್ರೋಗ್ರಾಂ ಅಂದವು. ಯೋಚನೆ ಮಾಡಿದರೆ ಅವುಗಳ ತಪ್ಪಿಲ್ಲ. ಕನ್ನಡ ಕೀಬೋರ್ಡ್ ಪ್ರೋಗ್ರಾಂ ಮಾಡುವುದೇನು? ಯಾವ ಕಿಟಕಿಯಲ್ಲಿ ನೀವು ಯಾವ ಕೀ ಒತ್ತಿದರೂ ಅದನ್ನು ಮಧ್ಯದಲ್ಲಿ ಹಿಡಿದು ಕನ್ನಡ ಅಕ್ಷರ ಮಾಡಿ ಮುಂದೆ ಬಿಡುತ್ತದೆ. ಪಾಸ್‌ವರ್ಡ್ ಕಳ್ಳನೂ ಕೀಯನ್ನು ಮಧ್ಯದಲ್ಲೇ ಹಿಡಿಯುತ್ತಾನೆ, ಆಮೇಲೆ ಅದನ್ನು ಬರೆದಿಟ್ಟುಕೊಂಡು ಹೊರಗೆ ಕಳಿಸುತ್ತಾನೆ, ಅಷ್ಟೇ ವ್ಯತ್ಯಾಸ. ಸಹಿ ಇರಲಿಲ್ಲ, ಯಾಕೆಂದರೆ ಸಹಿಯ ಸರ್ಟಿಫಿಕೇಟಿಗೆ ವರ್ಷ ವರ್ಷ ದುಡ್ಡು ಕಟ್ಟಬೇಕು, ಪುಕ್ಕಟೆ ಪ್ರೋಗ್ರಾಂ ಕೊಡುವವರು ಎಲ್ಲಿಂದ ತರುತ್ತಾರೆ? ಆ ನೀಲಿ ಪರದೆ ಸಾಮಾನ್ಯವಾಗಿ ಹೇಳುವುದು ‘ಇವನ್ಯಾರೋ ನನಗೆ ಗೊತ್ತಿಲ್ಲ’ ಅಂತ. ಅದನ್ನು ‘ಇವನು ಕಳ್ಳ’ ಅಂತ ಓದಿಕೊಳ್ಳಬಾರದು. ನಾನು ಮಾಡಿದವರ ಸ್ವಂತ ಪುಟಕ್ಕೆ ಹೋಗಿ ಅಲ್ಲಿ ಬರೆದಿದ್ದ ಹ್ಯಾಶ್‌ಗೂ ನನ್ನ ಫೈಲಿನ ಹ್ಯಾಶ್‌ಗೂ ತಾಳೆ ನೋಡಿ, ಸರಿಯಾದ ಮೇಲೆ ಬಳಸಿದೆ. ಆ ಪ್ರೋಗ್ರಾಂ ನನ್ನ ಹತ್ತಿರ ಈಗಲೂ ಇದೆ.

ಸಹಿ ಇದ್ದರೆ ಎಲ್ಲ ಸರಿ ಅನ್ನುವವರಿಗೂ ಒಂದು ಮಾತು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಅನ್ನುವ ವೈರಸ್‌ನ ಫೈಲುಗಳ ಮೇಲೆ ತೈವಾನ್‌ನ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳ ಅಸಲಿ ಸಹಿ ಇತ್ತು, ಕೀಲಿ ಕದ್ದು ಹಾಕಿದ್ದು. 2017ರಲ್ಲಿ ಕಂಪ್ಯೂಟರಿನ ಕಸ ಗುಡಿಸುವ ಪ್ರೋಗ್ರಾಂ ಸಿಕ್ಲೀನರ್‌ನ 5.33 ಆವೃತ್ತಿಯನ್ನು ಜನ ಅಸಲಿ ಜಾಗದಿಂದಲೇ ಇಳಿಸಿದರು, ಸಹಿಯೂ ಸರಿಯಾಗಿತ್ತು, ಆದರೂ ಒಳಗೆ ಹಿಂಬಾಗಿಲು ಇತ್ತು. ಯಾಕೆಂದರೆ ಫೈಲು ತಯಾರಾಗುವ ಜಾಗಕ್ಕೇ ಕಳ್ಳರು ನುಗ್ಗಿದ್ದರು. ಸುಮಾರು ಒಂದು ತಿಂಗಳು ಅದು ಹಾಗೇ ಹಂಚಿಕೆಯಾಯಿತು, 22 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ. ಅಂಥದ್ದು ಬಂದರೆ ನಾನು ಮೇಲೆ ಹೇಳಿದ ಯಾವ ಪರೀಕ್ಷೆಯೂ ಹಿಡಿಯುವುದಿಲ್ಲ. ನಿಜ ಹೇಳಬೇಕೆಂದರೆ ಒಂದು ಫೈಲು ಒಳ್ಳೆಯದು ಅಂತ ಸಾಬೀತು ಮಾಡಲು ನಮ್ಮಂಥವರಿಂದ ಆಗುವುದಿಲ್ಲ, ಎಷ್ಟು ನಂಬಬಹುದು ಅಂತ ಅಂದಾಜು ಹಾಕಬಹುದು ಅಷ್ಟೆ. ವಿಂಡೋಸ್ ಪ್ರೊ ಇರುವವರಿಗೆ ಸ್ಯಾಂಡ್‌ಬಾಕ್ಸ್ ಅಂತ ಒಂದು ಸೌಲಭ್ಯ ಇದೆ, ಅನುಮಾನದ ಫೈಲನ್ನು ಅದರೊಳಗೆ ಓಡಿಸಿ ಮುಚ್ಚಿದರೆ ಎಲ್ಲ ಅಳಿದುಹೋಗುತ್ತದೆ. ಒಳ್ಳೆಯದೇ, ಆದರೆ ಕೆಲವು ಜಾಣ ಫೈಲುಗಳು ತಾವು ಡಬ್ಬಿಯೊಳಗೆ ಇದ್ದೇವೆ ಅಂತ ಗೊತ್ತಾದರೆ ಮುದ್ದಾಗಿ ನಡೆದುಕೊಳ್ಳುತ್ತವೆ, ಹೆಣ್ಣು ನೋಡಲು ಬಂದ ಗಂಡಿನ ಥರ.

ಇನ್ನು ಫೈಲಿನ ಹೆಸರನ್ನು ಗೂಗಲಿಗೆ ಹಾಕಿದರೆ ಬರುವ ಪುಟಗಳು. ‘ಈ ಫೈಲ್ ಎಂಥದ್ದು’ ಅಂತ ಶುರುಮಾಡಿ, ಅಪಾಯ ಇಷ್ಟು ಶೇಕಡಾ ಅಂತ ಒಂದು ಅಂಕಿ ಕೊಟ್ಟು, ಕೊನೆಗೆ ‘ನಮ್ಮ ಕ್ಲೀನರ್ ಇಳಿಸಿಕೊಳ್ಳಿ’ ಅನ್ನುವಂಥವು. ಅವರೂ ಹೆಸರನ್ನೇ ನೋಡುತ್ತಿರುವುದು, ನಿಮ್ಮ ಫೈಲನ್ನಲ್ಲ. ಅಪರಿಚಿತ ಫೈಲಿಗೆ ಹೆದರಿ ಇನ್ನೊಂದು ಅಪರಿಚಿತ ಫೈಲ್ ಇಳಿಸುವವರನ್ನು ಕಂಡಾಗ ನನಗೆ ಅಳಬೇಕೋ ನಗಬೇಕೋ ಗೊತ್ತಾಗುವುದಿಲ್ಲ.

ಮಾವನ ಲ್ಯಾಪ್‌ಟಾಪಿಗೆ ಏನು ಮಾಡಿದೆವು ಅಂದರೆ, ಆ ಫೈಲನ್ನು ಮಾತ್ರ ಅಳಿಸಿ ಕೈತೊಳೆದುಕೊಳ್ಳಲಿಲ್ಲ. ಒಂದು ಕಂಡಿದೆ ಅಂದರೆ ಕಾಣದ್ದು ಎಷ್ಟಿದೆಯೋ. ಲೆಕ್ಕದ ಫೈಲುಗಳನ್ನು ಮಾತ್ರ ಹೊರಗೆ ತೆಗೆದು, ಪ್ರೋಗ್ರಾಂ ಒಂದನ್ನೂ ತೆಗೆಯದೆ, ಡಿಸ್ಕ್ ಪೂರ್ತಿ ಒರೆಸಿ ವಿಂಡೋಸ್ ಹೊಸದಾಗಿ ಹಾಕಿದೆ. ಅದಕ್ಕೂ ಮೊದಲು ಅತ್ತೆಯ ಫೋನಿನಿಂದ ಪಾಸ್‌ವರ್ಡ್ ಬದಲಿಸಲು ಕೂತೆವು. ಮೊದಲು ಇಮೇಲ್, ಆಮೇಲೆ ಬ್ಯಾಂಕು, ಆಮೇಲೆ ಪೋರ್ಟಲ್‌ಗಳು. ಕದ್ದವರ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಹಾಗೇ ಉಳಿಯಬಾರದು ಅಂತ ಎಲ್ಲ ಕಡೆಯಿಂದ ಸೈನ್ ಔಟ್ ಕೂಡ ಮಾಡಿದೆವು, ಇಂಥ ಕಳ್ಳರು ಪಾಸ್‌ವರ್ಡಿನ ಜೊತೆಗೆ ಲಾಗಿನ್ ನೆನಪಿಟ್ಟುಕೊಳ್ಳುವ ಬ್ರೌಸರಿನ ಕುಕಿಯನ್ನೂ ಒಯ್ಯುತ್ತಾರೆ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಬೇಕಿತ್ತು, ಪುಣ್ಯಕ್ಕೆ ಹೋಗಿರಲಿಲ್ಲ. ಮಾವ ಒಬ್ಬೊಬ್ಬ ವ್ಯಾಪಾರಿಗೂ ತಾವೇ ಫೋನ್ ಮಾಡಿ ನಡೆದದ್ದನ್ನು ಹೇಳಿದರು. ಅದು ಸುಲಭದ ಕೆಲಸವಾಗಿರಲಿಲ್ಲ, ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡೆ. ಸಂಜೆ ಹೊತ್ತಿಗೆ ಡ್ರಾಯರಿನ ಟೋಕನ್‌ಗಳಲ್ಲಿ ಮೂರನ್ನು ಅವುಗಳ ಮಾಲೀಕರು ಬಂದು ತೆಗೆದುಕೊಂಡು ಹೋದರು.

ಸೋಮವಾರ ರಜೆ ಹಾಕಬೇಕಾಯಿತು. ವಿಂಡೋಸಿಗೆ ಅರ್ಧ ದಿನ ಸಾಕಾಗಿತ್ತು. ಉಳಿದ ಒಂದು ದಿನ ಪೂರ್ತಿ ಹೋಗಿದ್ದು ಮಾವನ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಡ್ರೈವರ್ ಹುಡುಕುವುದಕ್ಕೆ. ಸಿಡಿ ಕಳೆದುಹೋಗಿತ್ತು, ಮಾಡಿದವರ ಪುಟದಲ್ಲಿ ಆ ಮಾಡೆಲ್ಲೇ ಇರಲಿಲ್ಲ, ಗೂಗಲಿನಲ್ಲಿ ಹುಡುಕಿದರೆ ಮೊದಲು ಬಂದದ್ದು ಒಂದು ಜಾಹೀರಾತು. ಮಾವ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಾ ನಿಂತಿದ್ದರು.